ಓಡುವ ಕ್ವಾರ್ಟರ್‌ಬ್ಯಾಕ್‌ನನ್ನು ತಡೆಯುವುದು ಹೇಗೆ?

ಅಮೆರಿಕದ ಕಾಲೇಜು ಫುಟ್‌ಬಾಲ್ ಋತು ಶುರುವಾಯಿತೆಂದರೆ ಓದುಗರಿಂದ ನನಗೆ ಬರುವ ಪ್ರಶ್ನೆ ಒಂದೇ, ಧಾಟಿ ಮಾತ್ರ ಬೇರೆ. ‘ಆ ಕ್ವಾರ್ಟರ್‌ಬ್ಯಾಕ್ ಪ್ರತಿ ಸಲವೂ ತಪ್ಪಿಸಿಕೊಂಡು ಓಡುತ್ತಾನೆ. ಅವನ ಮೇಲೆಯೇ ಒಬ್ಬ ವೇಗದ ಹುಡುಗನನ್ನು ಬಿಟ್ಟರೆ ಮುಗಿಯಿತಲ್ಲ? ಕೋಟಿಗಟ್ಟಲೆ ಸಂಬಳ ಪಡೆಯುವ ತರಬೇತುದಾರರಿಗೆ ಇಷ್ಟೂ ಹೊಳೆಯುವುದಿಲ್ಲವೇ?’ ಕೇಳುವವರಲ್ಲಿ ಟೆಕ್ಸಸ್‌ನಲ್ಲಿ ಮಗನನ್ನು ಹೈಸ್ಕೂಲ್ ತಂಡಕ್ಕೆ ಸೇರಿಸಿದ ತಂದೆ ತಾಯಿ ಇದ್ದಾರೆ, ಓಹಾಯೊದಲ್ಲಿ ಎಂ.ಎಸ್. ಓದುತ್ತ ಶನಿವಾರ ಕ್ರೀಡಾಂಗಣದ ಮೇಲಿನ ಸಾಲಿನಲ್ಲಿ ಕೂರುವ ವಿದ್ಯಾರ್ಥಿಗಳಿದ್ದಾರೆ, ಬೆಂಗಳೂರಿನಲ್ಲಿ ರಾತ್ರಿ ಒಂದು ಗಂಟೆಗೆ ಎದ್ದು ಮೊಬೈಲ್‌ನಲ್ಲಿ ಪಂದ್ಯ ನೋಡುವವರೂ ಇದ್ದಾರೆ.

ಹಗ್ಗ ಕಿತ್ತುಕೊಂಡ ಹೋರಿಗರುವನ್ನು ಹಿಡಿಯಲು ಹೋದವರಿಗೆ ಈ ಪ್ರಶ್ನೆಯ ಉತ್ತರ ಗೊತ್ತಿರುತ್ತದೆ. ಹಿಂದೆ ಓಡಿದವನಿಗೆ ಅದು ಸಿಗುವುದಿಲ್ಲ. ಒಬ್ಬ ಗೇಟಿನ ಹತ್ತಿರ, ಒಬ್ಬ ಬಾವಿಯ ಕಡೆ, ಇನ್ನೊಬ್ಬ ಹುಲ್ಲಿನ ಮೆದೆಯ ಪಕ್ಕ ನಿಂತು, ಯಾರೂ ಅವಸರಪಡದೆ ಒಂದೊಂದೇ ಹೆಜ್ಜೆ ಮುಂದಿಟ್ಟರೆ ಅದು ತಾನಾಗಿಯೇ ಕೊಟ್ಟಿಗೆಯ ಮೂಲೆ ಸೇರುತ್ತದೆ. ಗೇಟಿನವನು ಉತ್ಸಾಹ ತಾಳಲಾರದೆ ಮುನ್ನುಗ್ಗಿದನೋ, ಕರು ರಸ್ತೆಯಲ್ಲಿ. ಮುಂದಿನ ಒಂಬತ್ತು ಹಂತಗಳಲ್ಲಿ ನಾನು ಹೇಳುವುದು ಈ ಗೇಟುಗಳನ್ನು ಹಂಚಿಕೊಡುವ ಬಗೆಯನ್ನೇ. ರಕ್ಷಣಾ ತಂಡದ ತರಬೇತುದಾರರು ನೀವೇ ಎಂದುಕೊಂಡು ಓದಿ. ಬರೀ ಪ್ರೇಕ್ಷಕರಾದರೂ ನಷ್ಟವಿಲ್ಲ, ಚೆಂಡಿನ ಬದಲು ಎಲ್ಲಿ ನೋಡಬೇಕೆಂದಾದರೂ ತಿಳಿಯುತ್ತದೆ.

ಮೊದಲು ತಿಳಿದಿರಬೇಕಾದದ್ದು

ತಂಡಕ್ಕೆ 11 ಜನ. ಆಕ್ರಮಣ ತಂಡಕ್ಕೆ ನಾಲ್ಕು ಯತ್ನಗಳಲ್ಲಿ, ಅಂದರೆ ನಾಲ್ಕು ‘ಡೌನ್’ಗಳಲ್ಲಿ, 10 ಗಜ ಮುಂದೆ ಸಾಗಬೇಕಾದ ಕೆಲಸ. ಸಾಲಿನ ನಡುವಿನ ಆಟಗಾರ ಚೆಂಡನ್ನು ಹಿಂದಕ್ಕೆ ಕೊಡುವುದು ‘ಸ್ನ್ಯಾಪ್’. ಅದು ಬರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಅವನು ಪಾಸ್ ಎಸೆಯಬಹುದು, ಪಕ್ಕದ ರನ್ನಿಂಗ್ ಬ್ಯಾಕ್‌ಗೆ ಕೊಡಬಹುದು, ತಾನೇ ಓಡಬಹುದು. ಅವನು ಪಾಸ್ ಎಸೆಯಲು ನಿಂತಾಗ ಸುತ್ತಲಿನ ದೊಡ್ಡ ದೇಹದ ಲೈನ್‌ಮನ್‌ಗಳು ಗೋಡೆಯಂತೆ ನಿಂತು ಕಾಯುವ ಜಾಗ ‘ಪಾಕೆಟ್’. ಅವನನ್ನು ಅಲ್ಲಿಯೇ ಚೆಂಡಿನ ಸಮೇತ ಕೆಡವಿದರೆ ‘ಸ್ಯಾಕ್’. ಇಬ್ಬರು ಲೈನ್‌ಮನ್‌ಗಳ ನಡುವಿನ ಸಂದಿಗೆ ‘ಗ್ಯಾಪ್’ ಎನ್ನುತ್ತಾರೆ. ರಕ್ಷಣಾ ಸಾಲಿನ ಎರಡು ತುದಿಗಳಲ್ಲಿ ನಿಲ್ಲುವವರು ‘ಎಂಡ್’ಗಳು, ಸಾಲಿನ ಹಿಂದೆ ನಿಲ್ಲುವವರು ಲೈನ್‌ಬ್ಯಾಕರ್‌ಗಳು, ಎಲ್ಲರಿಗಿಂತ ಹಿಂದೆ ನಿಂತು ಆಳವನ್ನು ಕಾಯುವವರು ಸೇಫ್ಟಿಗಳು.

ವೃತ್ತಿಪರ ಆಟ ನೋಡಿ ರೂಢಿಯಾದವರು ಕಾಲೇಜಿನ ಮೂರು ವ್ಯತ್ಯಾಸಗಳನ್ನು ನೆನಪಿಡಬೇಕು. ಮೊದಲನೆಯದು ಮೈದಾನದ ಗುರುತುಗಳು. ಮೈದಾನದ ಅಗಲ 160 ಅಡಿ; ಸ್ನ್ಯಾಪ್ ನಡೆಯುವ ಜಾಗವನ್ನು ಮಿತಿಗೊಳಿಸುವ ಎರಡು ಗೆರೆಸಾಲುಗಳ ನಡುವೆ ಕಾಲೇಜಿನಲ್ಲಿ 40 ಅಡಿ ಅಂತರವಿದೆ. ಚೆಂಡು ಒಂದು ಸಾಲಿನ ಮೇಲಿದ್ದರೆ ಒಂದು ಪಕ್ಕದಲ್ಲಿ 60 ಅಡಿ, ಇನ್ನೊಂದು ಪಕ್ಕದಲ್ಲಿ 100 ಅಡಿ ಬಯಲು. ಓಡುವವನಿಗೆ ಆ 100 ಅಡಿ ಹಬ್ಬದೂಟ. ಎರಡನೆಯದು, ಪಾಸ್ ಎಸೆಯುವ ಆಟದಲ್ಲೂ ಲೈನ್‌ಮನ್‌ಗಳು ಸ್ನ್ಯಾಪ್ ಗೆರೆಯಿಂದ ಮೂರು ಗಜದವರೆಗೆ ಮುಂದೆ ಹೋಗಬಹುದು. ವೃತ್ತಿಪರ ಲೀಗ್‌ನಲ್ಲಿ ಒಂದೇ ಗಜ. ಆದ್ದರಿಂದ ‘ಲೈನ್‌ಮನ್ ಮುಂದೆ ಬರುತ್ತಿದ್ದಾನೆ, ಇದು ಓಟವೇ’ ಎಂದು ಲೈನ್‌ಬ್ಯಾಕರ್ ನಂಬಿ ಕೆಡುತ್ತಾನೆ. ಮೂರನೆಯದು ಲೆಕ್ಕದ ವಿಷಯ, ಎರಡನೇ ಹಂತದಲ್ಲಿ ಬರುತ್ತದೆ.

1. ತಲೆ ಎಣಿಸಿ

ಕ್ವಾರ್ಟರ್‌ಬ್ಯಾಕ್ ಓಡದವನಾದರೆ, ಚೆಂಡನ್ನು ರನ್ನಿಂಗ್ ಬ್ಯಾಕ್‌ಗೆ ಕೊಟ್ಟ ಕ್ಷಣದಿಂದ ಅವನೂ ನಮ್ಮಂತೆ ಪ್ರೇಕ್ಷಕ. ಆಕ್ರಮಣ ತಂಡದಲ್ಲಿ ಓಡುವವನು ಒಬ್ಬ, ನೋಡುವವನು ಒಬ್ಬ, ದಾರಿ ಬಿಡಿಸುವವರು ಒಂಬತ್ತು. ನಿಮ್ಮ 11 ಜನರಲ್ಲಿ ಒಂಬತ್ತು ಜನರಿಗೆ ಅವರು ಅಂಟಿಕೊಂಡರೂ ಇಬ್ಬರು ಖಾಲಿ. ಈಗ ಕ್ವಾರ್ಟರ್‌ಬ್ಯಾಕ್ ತಾನೇ ಚೆಂಡು ಇಟ್ಟುಕೊಂಡು ಓಡುತ್ತಾನೆ ಎನ್ನಿ. ರನ್ನಿಂಗ್ ಬ್ಯಾಕ್ ಕೂಡ ದಾರಿ ಬಿಡಿಸಲು ಸಿಗುತ್ತಾನೆ. ಬಿಡಿಸುವವರು ಹತ್ತು, ನಿಮ್ಮಲ್ಲಿ ಖಾಲಿ ಉಳಿದವನು ಒಬ್ಬನೇ. ಅವನೂ ಎಲ್ಲೋ ಆಳದಲ್ಲಿ ನಿಂತ ಸೇಫ್ಟಿಯಾಗಿದ್ದರೆ ಹತ್ತು ಗಜ ಹೋದ ಮೇಲೆಯೇ ಎದುರಾಗುತ್ತಾನೆ.

ಓಡುವ ಕ್ವಾರ್ಟರ್‌ಬ್ಯಾಕ್ ನಿಮ್ಮಿಂದ ಕಸಿದುಕೊಳ್ಳುವುದು ಈ ಒಬ್ಬ ಮನುಷ್ಯನನ್ನು. ಅವನ ಕಾಲಿನ ವೇಗ ಆಮೇಲಿನ ಮಾತು. ಆದ್ದರಿಂದ ಯಾವುದೇ ಯೋಜನೆಯನ್ನು ಕಾಗದದ ಮೇಲೆ ಬರೆದಾಗ ಕೇಳಬೇಕಾದ ಮೊದಲ ಪ್ರಶ್ನೆ: ಕ್ವಾರ್ಟರ್‌ಬ್ಯಾಕ್‌ಗೆ ಸೇರಿದವನು ಯಾರು? ಉತ್ತರವಾಗಿ ಒಂದು ಹೆಸರು ಬರಬೇಕು. ‘ಎಲ್ಲರೂ ನೋಡಿಕೊಳ್ಳುತ್ತಾರೆ’ ಎಂಬ ಉತ್ತರ ಬಂದರೆ ಯಾರೂ ನೋಡಿಕೊಳ್ಳುವುದಿಲ್ಲ ಎಂದೇ ಅರ್ಥ.

2. ಅವನು ಯಾವ ಬಗೆಯ ಓಟಗಾರ ಎಂದು ತಿಳಿಯಿರಿ

ಎಲ್ಲ ಓಡುವ ಕ್ವಾರ್ಟರ್‌ಬ್ಯಾಕ್‌ಗಳಿಗೂ ಒಂದೇ ಮದ್ದಿಲ್ಲ. ಕೆಲವರ ಓಟ ಮೊದಲೇ ಬರೆದಿಟ್ಟದ್ದು: ತರಬೇತುದಾರರೇ ಅವನಿಗಾಗಿ ಓಟದ ಆಟ ಕರೆಯುತ್ತಾರೆ. 2007ರಲ್ಲಿ ಫ್ಲಾರಿಡಾದ ಟಿಮ್ ಟೀಬೋ, 2010ರಲ್ಲಿ ಆಬರ್ನ್‌ನ ಕ್ಯಾಮ್ ನ್ಯೂಟನ್ ಹೀಗೆ ಭಾರದ ಮೈಯಲ್ಲಿ ನುಗ್ಗಿ, ಕಾಲೇಜು ಫುಟ್‌ಬಾಲ್‌ನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದವರು. ಇನ್ನು ಕೆಲವರದು ‘ಸ್ಕ್ರಾಂಬಲ್’. ಪಾಸ್ ಎಸೆಯಲೆಂದೇ ಹಿಂದೆ ಸರಿದು, ಗೋಡೆ ಕುಸಿದಾಗ ಸಂದಿ ಹುಡುಕಿ ಹಾರುವುದು. 2012ರಲ್ಲಿ ಹೈಸ್‌ಮನ್ ಗೆದ್ದ ಮೊದಲ ಫ್ರೆಶ್‌ಮನ್ (ಮೊದಲ ವರ್ಷದ ಆಟಗಾರ), ಟೆಕ್ಸಸ್ ಎ ಅಂಡ್ ಎಂನ ಜಾನಿ ಮನ್ಜೆಲ್, ಈ ವಿದ್ಯೆಯಲ್ಲಿ ಪಳಗಿದವರು. ಮೊದಲ ಬಗೆಗೆ ಔಷಧ ಮೂರನೇ ಹಂತದಲ್ಲಿದೆ, ಎರಡನೆಯದಕ್ಕೆ ನಾಲ್ಕು ಮತ್ತು ಐದರಲ್ಲಿ. ಎರಡೂ ಬಲ್ಲವನು ಎದುರಾದರೆ ರಾತ್ರಿ ನಿದ್ದೆ ಕಷ್ಟ. 2023ರ ನವೆಂಬರ್‌ನಲ್ಲಿ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ (ಎಲ್‌ಎಸ್‌ಯು) ಜೇಡನ್ ಡೇನಿಯಲ್ಸ್ ಫ್ಲಾರಿಡಾ ವಿರುದ್ಧ ಒಂದೇ ಪಂದ್ಯದಲ್ಲಿ ಪಾಸ್‌ನಿಂದ 372 ಗಜ, ಓಟದಿಂದ 234 ಗಜ ಗಳಿಸಿದರು.

ಇಲ್ಲಿ ಅಂಕಿಪಟ್ಟಿ ನಿಮ್ಮನ್ನು ಮೋಸಗೊಳಿಸುತ್ತದೆ. ಕಾಲೇಜು ಫುಟ್‌ಬಾಲ್‌ನಲ್ಲಿ ಸ್ಯಾಕ್ ಆದಾಗ ಕಳೆದುಕೊಂಡ ಗಜಗಳನ್ನು ಓಟದ ಲೆಕ್ಕದಿಂದ ಕಳೆಯುತ್ತಾರೆ. ವೃತ್ತಿಪರ ಲೀಗ್‌ನಲ್ಲಿ ಪಾಸ್‌ನ ಲೆಕ್ಕದಿಂದ. ಒಬ್ಬನು 12 ಸಲ ಓಡಿ 90 ಗಜ ಗಳಿಸಿದ, ನಾಲ್ಕು ಸಲ ಸ್ಯಾಕ್ ಆಗಿ 30 ಗಜ ಕಳೆದುಕೊಂಡ ಎನ್ನಿ. ಪಟ್ಟಿಯಲ್ಲಿ ‘16 ಓಟ, 60 ಗಜ’ ಎಂದಿರುತ್ತದೆ, ಸರಾಸರಿ ನಾಲ್ಕಕ್ಕೂ ಕಡಿಮೆ. ಅವನ ನಿಜವಾದ ಸರಾಸರಿ ಏಳೂವರೆ. ಪಟ್ಟಿ ನೋಡಿ ‘ಅಂಥ ಅಪಾಯಕಾರಿಯೇನಲ್ಲ’ ಎಂದು ಮಲಗಿದವರು ಶನಿವಾರ ಎದ್ದು ಕೂರುತ್ತಾರೆ.

ಪಟ್ಟಿ ಬಿಟ್ಟು ವೀಡಿಯೊ ಹಾಕಿಕೊಳ್ಳಿ. ಹಿಂದಿನ ನಾಲ್ಕು ಪಂದ್ಯ ಸಾಕು. ಅವನು ಓಡಿದ ಪ್ರತಿ ಸಲವೂ ಒಂದು ಸಾಲು ಬರೆಯಿರಿ: ಎಷ್ಟನೇ ಡೌನ್, ಎಷ್ಟು ಗಜ ಬಾಕಿ, ಚೆಂಡು ಯಾವ ಗೆರೆಸಾಲಿನ ಮೇಲಿತ್ತು, ಕರೆದ ಓಟವೋ ಸ್ಕ್ರಾಂಬಲೋ, ಎಡಕ್ಕೋ ಬಲಕ್ಕೋ. ಕೊನೆಯ ಅಂಕಣ ಎಲ್ಲಕ್ಕಿಂತ ಮುಖ್ಯ: ಓಡುವ ಮುನ್ನ ಅವನ ಕಣ್ಣು ಎಲ್ಲಿತ್ತು? ಪಾಸ್ ಹಿಡಿಯಲು ಓಡುವ ದೂರದ ರಿಸೀವರ್‌ಗಳನ್ನು ನೋಡುತ್ತಲೇ ಕಾಲಾಡಿಸುವವನು ಪಾಸ್‌ಗಾಗಿ ಓಡುತ್ತಾನೆ. ಕಣ್ಣನ್ನು ಹತ್ತಿರದ ಗೋಡೆಗೆ ಇಳಿಸಿದವನು ಓಟಕ್ಕಾಗಿಯೇ ಓಡುತ್ತಾನೆ, ಅವನು ಮತ್ತೆ ಎಸೆಯುವುದು ಅಪರೂಪ. ಮೂವತ್ತು ಸಾಲು ಬರೆಯುವಷ್ಟರಲ್ಲಿ ಅವನ ಚಾಳಿ ನಿಮಗೆ ಬಾಯಿಪಾಠವಾಗಿರುತ್ತದೆ.

ಮೀಸಲು ಆಟಗಾರನಿಗೂ ಒಂದು ಹಾಳೆ ಮಾಡಿ. 2017ರ ಅಕ್ಟೋಬರ್ 7ರಂದು ಅರಿಜೋನಾದ ಖಲೀಲ್ ಟೇಟ್ ಕೊಲರಾಡೊ ವಿರುದ್ಧ ಆಟ ಶುರುಮಾಡಿದವರೇ ಅಲ್ಲ. ಮೊದಲ ಕ್ವಾರ್ಟರ್‌ಬ್ಯಾಕ್ ಗಾಯಗೊಂಡಾಗ ಬೆಂಚಿನಿಂದ ಎದ್ದು ಬಂದವರು. 14 ಓಟಗಳಲ್ಲಿ 327 ಗಜ ಓಡಿ ಕ್ವಾರ್ಟರ್‌ಬ್ಯಾಕ್‌ಗಳ ದಾಖಲೆ ಬರೆದರು.

3. ‘ಜೋನ್ ರೀಡ್’ಗೆ ಉತ್ತರ ಸಿದ್ಧಪಡಿಸಿಕೊಳ್ಳಿ

ಇಲ್ಲಿ ಸ್ವಲ್ಪ ಹೊತ್ತು ಕೂರೋಣ, ಏಕೆಂದರೆ ಕರೆದ ಓಟಗಳ ತಾಯಿಬೇರು ಇದು. 1990ರ ದಶಕದ ಆರಂಭದಲ್ಲಿ ವೆಸ್ಟ್ ವರ್ಜೀನಿಯಾದ ಗ್ಲೆನ್‌ವಿಲ್ ಸ್ಟೇಟ್ ಎಂಬ ಪುಟ್ಟ ಕಾಲೇಜಿನಲ್ಲಿ ತರಬೇತುದಾರರಾಗಿದ್ದ ರಿಚ್ ರೊಡ್ರಿಗೆಜ್ ಇದನ್ನು ಬೆಳೆಸಿದರೆಂದು ಹೇಳುವುದುಂಟು. ಈಗ ಇದನ್ನು ಆಡದ ತಂಡ ಹುಡುಕಬೇಕು.

ಆಟ ಹೀಗೆ. ಕ್ವಾರ್ಟರ್‌ಬ್ಯಾಕ್ ಸಾಲಿನಿಂದ ನಾಲ್ಕೈದು ಗಜ ಹಿಂದೆ, ಪಕ್ಕದಲ್ಲಿ ರನ್ನಿಂಗ್ ಬ್ಯಾಕ್. ಸ್ನ್ಯಾಪ್ ಆದ ಕೂಡಲೇ ಐದೂ ಲೈನ್‌ಮನ್‌ಗಳು ಒಂದೇ ದಿಕ್ಕಿಗೆ, ಬಲಕ್ಕೆ ಎನ್ನೋಣ, ಸರಿಯುತ್ತಾರೆ. ಅವರ ಎಡ ತುದಿಯ ಎದುರಿಗಿದ್ದ ನಿಮ್ಮ ಎಂಡ್‌ನನ್ನು ಯಾರೂ ಮುಟ್ಟುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಚಾಚಿ, ಕೈ ಬಿಡದೆ, ಆ ಎಂಡ್‌ನನ್ನೇ ನೋಡುತ್ತಾನೆ. ಎಂಡ್ ಒಳಕ್ಕೆ ನುಗ್ಗಿ ರನ್ನಿಂಗ್ ಬ್ಯಾಕ್‌ನನ್ನು ಅಟ್ಟಿದರೆ ಚೆಂಡು ಎಳೆದುಕೊಂಡು ಎಂಡ್ ಖಾಲಿಮಾಡಿದ ಜಾಗದಲ್ಲಿ ಓಡುತ್ತಾನೆ. ಎಂಡ್ ನಿಂತರೆ ಚೆಂಡು ಕೊಟ್ಟುಬಿಡುತ್ತಾನೆ. ನಿಮ್ಮ ಒಬ್ಬ ಆಟಗಾರನನ್ನು ಮೈ ಸೋಕಿಸದೆಯೇ ಆಟದಿಂದ ಹೊರಗಿಟ್ಟಂತಾಯಿತು.

ಎಂಡ್ ಆಡುವ ಹುಡುಗನಿಗೆ ನಾನು ಕೊಡುವ ಮೊದಲ ಪಾಠ ಇದು: ಎದುರಿನ ಲೈನ್‌ಮನ್ ನಿನ್ನನ್ನು ಮುಟ್ಟದೆ ಹೋದರೆ ಖುಷಿಪಡಬೇಡ, ಅವರು ನಿನ್ನನ್ನು ಓದುತ್ತಿದ್ದಾರೆ. ಆ ಅರೆಕ್ಷಣದಲ್ಲಿ ಅವನು ಮಾಡಬಹುದಾದದ್ದು ಮೂರು.

ಒಂದು, ಎಳೆದಾಡಿಸುವುದು. ಭುಜಗಳು ಸ್ನ್ಯಾಪ್ ಗೆರೆಗೆ ಸಮಾನಾಂತರವಾಗಿರಬೇಕು, ಪಾದಗಳು ಒಂದನ್ನೊಂದು ದಾಟದೆ ಏಡಿಯಂತೆ ಒಳಕ್ಕೆ ಜರುಗಬೇಕು, ಸರಿದುಹೋದ ಲೈನ್‌ಮನ್‌ನ ಸೊಂಟದಿಂದ ಒಂದು ಗಜದೊಳಗೇ ಇರಬೇಕು. ಹೀಗೆ ಜರುಗುವವನನ್ನು ನೋಡಿ ಕ್ವಾರ್ಟರ್‌ಬ್ಯಾಕ್‌ಗೆ ನಿರ್ಧಾರ ತಡವಾಗುತ್ತದೆ. ಆ ತಡದಲ್ಲಿ ನಿಮ್ಮ ಲೈನ್‌ಬ್ಯಾಕರ್‌ಗಳು ಬಂದು ಸೇರುತ್ತಾರೆ. ಭುಜ ಒಳಕ್ಕೆ ತಿರುಗಿತೋ, ಹೊರಗಿನ ಬಾಗಿಲು ತೆರೆಯಿತು. ಟಿವಿಯಲ್ಲಿ ನಿಧಾನಗತಿಯ ಮರುಪ್ರಸಾರ ಬಂದಾಗ ಎಂಡ್‌ನ ಭುಜವನ್ನೇ ನೋಡಿ, ಚೆಂಡು ಎತ್ತ ಹೋಗುತ್ತದೆಂದು ಕಾಮೆಂಟರಿಗಿಂತ ಮೊದಲೇ ಹೇಳುತ್ತೀರಿ.

ಎರಡು, ಅದಲುಬದಲು. ಇದಕ್ಕೆ ‘ಸ್ಕ್ರೇಪ್ ಎಕ್ಸ್‌ಚೇಂಜ್’ ಎಂದು ಹೆಸರು. ಎಂಡ್ ಬೇಕೆಂದೇ ಒಳಕ್ಕೆ ನುಗ್ಗುತ್ತಾನೆ. ಕ್ವಾರ್ಟರ್‌ಬ್ಯಾಕ್ ತಾನು ಸರಿಯಾಗಿ ಓದಿದೆನೆಂದು ಚೆಂಡು ಎಳೆದುಕೊಂಡು ಹೊರಗೆ ಬರುತ್ತಾನೆ. ಅಷ್ಟರಲ್ಲಿ ಎಂಡ್‌ನ ಹಿಂದಿದ್ದ ಲೈನ್‌ಬ್ಯಾಕರ್ ಸುತ್ತುಹಾಕಿ ಅದೇ ಜಾಗಕ್ಕೆ ಬಂದು ಕಾದಿರುತ್ತಾನೆ. ಆಕ್ರಮಣ ತಂಡವೂ ಬಳೆ ತೊಟ್ಟು ಕೂತಿರುವುದಿಲ್ಲ. ತನ್ನ ಟೈಟ್ ಎಂಡ್‌ನನ್ನು (ಆಕ್ರಮಣ ಸಾಲಿನ ತುದಿಯಲ್ಲಿ ನಿಂತು ದಾರಿಯನ್ನೂ ಬಿಡಿಸುವ, ಪಾಸನ್ನೂ ಹಿಡಿಯುವ ಆಟಗಾರ) ನಿಮ್ಮ ಎಂಡ್‌ನ ಪಕ್ಕದಿಂದ ಸುತ್ತಿಸಿ ಆ ಲೈನ್‌ಬ್ಯಾಕರ್‌ಗೇ ಅಡ್ಡಹಾಕಿಸುತ್ತದೆ. ಇಲ್ಲವೇ ಅವನು ಬಿಟ್ಟುಬಂದ ಜಾಗಕ್ಕೆ ಚಿಕ್ಕ ಪಾಸ್ ಎಸೆಯುತ್ತದೆ; ಮೂರು ಗಜದ ನಿಯಮ ಅದಕ್ಕೆ ನೆರವಾಗುತ್ತದೆ.

ಮೂರು, ಸೇಫ್ಟಿಯನ್ನು ಕೆಳಗಿಳಿಸಿ ಅವನಿಗೆ ಕ್ವಾರ್ಟರ್‌ಬ್ಯಾಕ್‌ನನ್ನು ಒಪ್ಪಿಸುವುದು. ಲೆಕ್ಕ ಸರಿಹೋಗುತ್ತದೆ, ಆದರೆ ಆಳದಲ್ಲಿ ಕಾಯುವವರು ಒಬ್ಬರು ಕಡಿಮೆ. ದೂರ ಎಸೆಯಲು ಬಾರದ ಕ್ವಾರ್ಟರ್‌ಬ್ಯಾಕ್‌ಗೆ ಮಾತ್ರ ಇದನ್ನು ಹೆಚ್ಚು ಬಳಸಿ.

ಎಚ್ಚರಿಕೆ ಎರಡು. ಮೂರರಲ್ಲಿ ಯಾವುದನ್ನೂ ಸತತವಾಗಿ ಆಡಬೇಡಿ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಎರಡು ಸಲ ನೋಡಿದ್ದನ್ನು ಮೂರನೇ ಸಲ ಬಿಡುವುದಿಲ್ಲ. ಇನ್ನೊಂದು, ಎಂಡ್ ಎರಡು ದೋಣಿಯಲ್ಲಿ ಕಾಲಿಡಬಾರದು. ರನ್ನಿಂಗ್ ಬ್ಯಾಕ್ ಕಡೆಗೆ ಅರ್ಧ, ಕ್ವಾರ್ಟರ್‌ಬ್ಯಾಕ್ ಕಡೆಗೆ ಅರ್ಧ ವಾಲಿ ನಿಂತಲ್ಲೇ ನಿಂತವನಿಗೆ ಇಬ್ಬರೂ ಸಿಗುವುದಿಲ್ಲ. ತಪ್ಪನ್ನಾದರೂ ಪೂರ್ತಿ ವೇಗದಲ್ಲಿ ಮಾಡು ಎಂದು ಹೇಳಿ, ಆಗ ಪಕ್ಕದವನಿಗೆ ಸರಿಪಡಿಸಲು ಬರುತ್ತದೆ.

4. ಮುನ್ನುಗ್ಗಿ, ಆದರೆ ದಾಟಿ ಹೋಗಬೇಡಿ

ಈಗ ಪಾಸ್‌ನ ಹೊತ್ತು. ಸಾಮಾನ್ಯ ಕ್ವಾರ್ಟರ್‌ಬ್ಯಾಕ್ ಎದುರಿಗಿದ್ದರೆ ಎಂಡ್‌ಗಳು ಬಿಲ್ಲಿನಂತೆ ಬಾಗಿ, ಹೊರಸುತ್ತಿನಲ್ಲಿ ಹಿಂದಿನಿಂದ ಹೋಗಿ ಹಿಡಿಯುತ್ತಾರೆ. ಓಡುವವನ ಎದುರು ಇದೇ ದೊಡ್ಡ ತಪ್ಪು. ಎಂಡ್ ಅವನ ಆಳವನ್ನು ದಾಟಿ ಒಂದು ಗಜ ಹಿಂದೆ ಹೋದರೂ ಅವನ ಪಕ್ಕದ ಗ್ಯಾಪ್ ಹೆಬ್ಬಾಗಿಲಾಗುತ್ತದೆ. ಕ್ವಾರ್ಟರ್‌ಬ್ಯಾಕ್ ಅಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ ಎದುರಿಗೆ ಮೈದಾನವೇ.

ನಿಯಮವನ್ನು ಹುಡುಗರಿಗೆ ಹೀಗೆ ಹೇಳಿ: ಕ್ವಾರ್ಟರ್‌ಬ್ಯಾಕ್ ನಿಂತ ಆಳವೇ ನಿಮ್ಮ ಕೊನೆಯ ನಿಲ್ದಾಣ. ಅಲ್ಲಿಗೆ ಬಂದ ಮೇಲೆ ಬಾಗಿಲು ಕಾಯಿರಿ, ನುಗ್ಗಬೇಡಿ. ನಾಲ್ವರಿಗೆ ನಾಲ್ಕು ಓಣಿ. ಇಬ್ಬರು ಎಂಡ್‌ಗಳು ಹೊರಗಿನ ಓಣಿ ಮುಚ್ಚುತ್ತಾರೆ, ಒಳಗಿನ ಇಬ್ಬರು ಎದುರಿನವರನ್ನು ಎದೆಗೊತ್ತಿ ಹಿಂದಕ್ಕೆ ತಳ್ಳುತ್ತಾರೆ. ಹೊರಗಿನ ದಾರಿಯನ್ನು ಮುಚ್ಚಿ ಚೆಂಡನ್ನು ಒಳಕ್ಕೆ ತಿರುಗಿಸುವ ಈ ಕೆಲಸಕ್ಕೆ ‘ಕಂಟೈನ್’ ಎಂದು ಹೆಸರು. ಎಂಡ್ ಚಮತ್ಕಾರಕ್ಕೆಂದು ಒಳಕ್ಕೆ ಗಿರಕಿ ಹೊಡೆದರೆ, ಆ ಹೊರಗಿನ ಓಣಿ ಇನ್ನು ಯಾರದು? ಉತ್ತರವಿಲ್ಲದಿದ್ದರೆ ಗಿರಕಿ ಬೇಡ.

ಇಲ್ಲಿ ಅತಿ ಜಾಗರೂಕತೆಯೂ ಕೇಡು. ಬರೀ ಬಾಗಿಲು ಕಾಯುತ್ತ ನಿಂತರೆ ಕ್ವಾರ್ಟರ್‌ಬ್ಯಾಕ್‌ಗೆ ಐದಾರು ಸೆಕೆಂಡ್ ಸಿಗುತ್ತದೆ, ಅಷ್ಟು ಹೊತ್ತು ರಿಸೀವರ್‌ಗಳನ್ನು ಕಾಯಲು ಯಾರಿಂದಲೂ ಆಗದು. ಆದ್ದರಿಂದ ಒತ್ತಡ ನಡುವಿನಿಂದ ಬರಬೇಕು. ಮುಖದೆದುರಿಗೇ ಗೋಡೆ ಹಿಂದೆ ಸರಿದು ಬಂದಾಗ ಅವನಿಗೆ ಮುಂದೆ ಹೆಜ್ಜೆಯಿಡಲು ಜಾಗವಿರುವುದಿಲ್ಲ. ಪಕ್ಕಕ್ಕೆ ಓಡಿದರೆ ಎಂಡ್‌ಗಳಿದ್ದಾರೆ.

ಒತ್ತಡದಿಂದ ಏನು ಸಾಧ್ಯ ಎನ್ನುವುದಕ್ಕೆ 2016ರ ನವೆಂಬರ್ 17ರ ರಾತ್ರಿಯನ್ನು ನೋಡಿ. ಲೂಯಿವಿಲ್‌ನ ಲಾಮಾರ್ ಜಾಕ್ಸನ್ ಆ ಋತುವಿನಲ್ಲಿ 1,571 ಗಜ ಓಡಿ ಮುಂದಿನ ತಿಂಗಳೇ ಹೈಸ್‌ಮನ್ ಗೆದ್ದವರು. ಹ್ಯೂಸ್ಟನ್ ಅವರನ್ನು 11 ಸಲ ಸ್ಯಾಕ್ ಮಾಡಿ 36-10ರಿಂದ ಪಂದ್ಯ ಗೆದ್ದಿತು. ಹ್ಯೂಸ್ಟನ್ ಸಾಲಿನ ನಡುವೆ ಎಡ್ ಆಲಿವರ್ ಎಂಬ ಫ್ರೆಶ್‌ಮನ್ ಇದ್ದರು. ಎರಡೂವರೆ ವರ್ಷದ ನಂತರ ವೃತ್ತಿಪರ ಲೀಗ್‌ನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಒಂಬತ್ತನೆಯವರಾಗಿ ಆಯ್ಕೆಯಾದವರು. ನಿಮ್ಮ ಸಾಲಿನ ನಡುವೆ ಅಂಥವರೊಬ್ಬರು ಇದ್ದರೆ ಈ ಲೇಖನದ ಅರ್ಧ ಭಾಗ ನಿಮಗೆ ಬೇಕಾಗಿಲ್ಲ.

5. ಬೆನ್ನು ತಿರುಗಿಸುವ ಕಾವಲು ಬೇಡ

ರಿಸೀವರ್‌ಗಳನ್ನು ಕಾಯಲು ಎರಡು ಬಗೆ. ಒಬ್ಬೊಬ್ಬ ರಿಸೀವರ್‌ಗೆ ಒಬ್ಬೊಬ್ಬ ಕಾವಲುಗಾರ ಅಂಟಿಕೊಳ್ಳುವುದು ‘ಮ್ಯಾನ್’, ಜಾಗ ಹಂಚಿಕೊಂಡು ಕಾಯುವುದು ‘ಜೋನ್’. ಮ್ಯಾನ್‌ನಲ್ಲಿ ನಿಮ್ಮ ಕಾವಲುಗಾರರ ಕಣ್ಣು ರಿಸೀವರ್ ಮೇಲೆ, ಬೆನ್ನು ಕ್ವಾರ್ಟರ್‌ಬ್ಯಾಕ್ ಕಡೆಗೆ. ಅವನು ಹದಿನೈದು ಗಜ ಓಡಿದ ಮೇಲೆ ಪ್ರೇಕ್ಷಕರ ಕೂಗು ಕೇಳಿ ತಿರುಗುತ್ತಾರೆ. ಜೋನ್‌ನಲ್ಲಿ ಎಲ್ಲರ ಕಣ್ಣೂ ಅವನ ಮೇಲೆಯೇ ಇರುತ್ತದೆ. ಓಡಿದರೂ ಐದಾರು ಗಜಕ್ಕೆ ಮೂವರು ಎದುರಾಗುತ್ತಾರೆ. ಆದ್ದರಿಂದ ಮೊದಲ ಎರಡು ಡೌನ್‌ಗಳಲ್ಲಿ ಜೋನ್ ಹೆಚ್ಚಿರಲಿ.

ಜೋನ್‌ನ ದೌರ್ಬಲ್ಯ ಆಟ ಉದ್ದವಾದಾಗ ಗೊತ್ತಾಗುತ್ತದೆ. ಕ್ವಾರ್ಟರ್‌ಬ್ಯಾಕ್ ಪಾಕೆಟ್ ಬಿಟ್ಟು ಓಡಾಡುತ್ತಿದ್ದಂತೆ ರಿಸೀವರ್‌ಗಳು ಬರೆದ ದಾರಿ ಬಿಟ್ಟು ಖಾಲಿ ಜಾಗಕ್ಕೆ ಓಡುತ್ತಾರೆ. ಆಗ ‘ಜಾಗ ಬಿಡಿ, ಹತ್ತಿರದವನಿಗೆ ಅಂಟಿಕೊಳ್ಳಿ’ ಎಂಬ ಕೂಗು ಹೋಗಬೇಕು. 2012ರ ನವೆಂಬರ್ 10ರಂದು ಆಗಿನ ಅಗ್ರ ತಂಡ ಅಲಬಾಮಾ ವಿರುದ್ಧ ಮನ್ಜೆಲ್ ತಮ್ಮದೇ ಲೈನ್‌ಮನ್‌ಗೆ ಡಿಕ್ಕಿ ಹೊಡೆದರು, ಚೆಂಡು ಕೈಜಾರಿ ಮೇಲೆ ಪುಟಿಯಿತು. ಅದನ್ನು ಮತ್ತೆ ಹಿಡಿದು, ಎಡಕ್ಕೆ ತಿರುಗಿ, ಮೈದಾನದ ತುದಿಯ ಅಂಕದ ಪಟ್ಟಿಯಾದ ಎಂಡ್ ಜೋನ್‌ನಲ್ಲಿದ್ದ ರಿಸೀವರ್ ರಯಾನ್ ಸ್ವೋಪ್‌ಗೆ ಎಸೆದರು. ಟಚ್‌ಡೌನ್. ಪಂದ್ಯ 29-24ರಿಂದ ಎ ಅಂಡ್ ಎಂ ಪಾಲಾಯಿತು. ಆ ತುಣುಕನ್ನು ಮತ್ತೆ ಹಾಕಿ, ಮನ್ಜೆಲ್‌ರನ್ನು ಬಿಟ್ಟು ಹಿಂದಿನ ಕಾವಲುಗಾರರನ್ನು ನೋಡಿ. ಇನ್ನೇನು ಹಿಡಿದೇಬಿಟ್ಟರು ಎಂದು ಒಂದು ಕ್ಷಣ ನಿಂತುಬಿಡುವ ಚಾಳಿ ಎಲ್ಲ ಮಟ್ಟದ ಆಟಗಾರರಲ್ಲೂ ಇದೆ. ಸೀಟಿ ಕೇಳುವವರೆಗೆ ನಿಲ್ಲಬೇಡ ಎಂದು ಪ್ರತಿದಿನ ಹೇಳಬೇಕಾಗುತ್ತದೆ.

6. ‘ಸ್ಪೈ’: ನಿಮ್ಮ ಪ್ರಶ್ನೆಗೆ ಉತ್ತರ

ಕ್ವಾರ್ಟರ್‌ಬ್ಯಾಕ್‌ನನ್ನು ಮಾತ್ರ ಕಾಯಲು ಒಬ್ಬನನ್ನು ನೇಮಿಸುವುದಕ್ಕೆ ‘ಸ್ಪೈ’ ಎನ್ನುತ್ತಾರೆ. ಅಂದರೆ ಓದುಗರು ಕೇಳುವ ಉಪಾಯ ತರಬೇತುದಾರರಿಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೆ ಬೆಲೆಯಿದೆ. ಸ್ಪೈ ಆದವನು ಮುನ್ನುಗ್ಗುವವನೂ ಅಲ್ಲ, ರಿಸೀವರ್ ಕಾಯುವವನೂ ಅಲ್ಲ. ಕ್ವಾರ್ಟರ್‌ಬ್ಯಾಕ್ ಓಡದೆ ಪಾಸ್ ಎಸೆದನೆಂದರೆ ನೀವು ಹತ್ತು ಜನರಲ್ಲಿ ಆಡಿದಂತೆ. ಒಂದನೇ ಹಂತದಲ್ಲಿ ಅವನು ಕಸಿದುಕೊಂಡ ಒಬ್ಬನನ್ನು ನೀವಾಗಿಯೇ ಕೈಗಿತ್ತಂತೆ.

ಯಾವಾಗ ಬಳಸಬೇಕು? ಮೂರನೇ ಡೌನ್‌ನಲ್ಲಿ ಏಳು ಗಜಕ್ಕಿಂತ ಹೆಚ್ಚು ಬಾಕಿಯಿದ್ದಾಗ, ಅದೂ ಉಳಿದವರು ಮ್ಯಾನ್ ಆಡುವಾಗ. ಯಾರನ್ನು? ತಂಡದ ಅತಿ ವೇಗದವನನ್ನಲ್ಲ, ಬಯಲಿನಲ್ಲಿ ಒಂಟಿಯಾಗಿ ಕೆಡವಬಲ್ಲವನನ್ನು. ಎಲ್ಲಿ? ಸ್ನ್ಯಾಪ್ ಗೆರೆಯಿಂದ ನಾಲ್ಕೈದು ಗಜ ಹಿಂದೆ, ಕ್ವಾರ್ಟರ್‌ಬ್ಯಾಕ್‌ನ ಎದುರಿಗೆ, ಅವನು ಎಡಕ್ಕೆ ಹೋದರೆ ತಾನೂ ಅತ್ತ, ಬಲಕ್ಕೆ ಬಂದರೆ ಇತ್ತ, ಕನ್ನಡಿಯಂತೆ. ಅವನು ಪಾಸ್‌ನ ಆಸೆ ಬಿಟ್ಟು ಚೆಂಡನ್ನು ಕಂಕುಳಿಗೆ ಸೇರಿಸಿದ ಮೇಲೆಯೇ ಬಾಣದಂತೆ ಹೋಗಬೇಕು. ಅದಕ್ಕೂ ಮೊದಲೇ ನುಗ್ಗಿದರೆ, ಗೇಟಿನವನು ಗೇಟು ಬಿಟ್ಟ ಕಥೆಯೇ. ಎಲ್ಲ ಆಟಕ್ಕೂ ಸ್ಪೈ ಇಡುವ ತಂಡ ಕಂಡರೆ ಅವರಿಗೆ ಬೇರೆ ಯೋಜನೆಯಿಲ್ಲ ಎಂದು ನಾನು ಗುಮಾನಿಪಡುತ್ತೇನೆ.

ಅಗ್ಗದ ಬದಲಿ ವ್ಯವಸ್ಥೆಯೂ ಇದೆ. ರನ್ನಿಂಗ್ ಬ್ಯಾಕ್‌ನನ್ನು ಕಾಯಬೇಕಾದ ಲೈನ್‌ಬ್ಯಾಕರ್‌ಗೆ ಹೇಳಿಡಿ: ಅವನು ಪಾಸ್ ಹಿಡಿಯಲು ಹೊರಗೆ ಬಂದರೆ ಅವನ ಹಿಂದೆ ಹೋಗು, ಕ್ವಾರ್ಟರ್‌ಬ್ಯಾಕ್‌ನನ್ನು ರಕ್ಷಿಸಲು ಅಲ್ಲೇ ನಿಂತರೆ ನೀನೇ ಸ್ಪೈ. ಯಾರನ್ನೂ ಕಳೆದುಕೊಳ್ಳದೆ ಕಾವಲು ಸಿಗುತ್ತದೆ.

7. ಕೆಡವುವಾಗ ನಿಯಮ ಮರೆಯಬೇಡಿ

ಕಬಡ್ಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂಟಿಯಾಗಿ ರೈಡರ್‌ನ ಮೇಲೆ ಹಾರಿದವನು ಅಂಕ ಕೊಟ್ಟು ಏಳುತ್ತಾನೆ. ಕೈ ಹಿಡಿದು ಸರಪಳಿಯಾಗಿ ಬಂದವರು ಅವನನ್ನು ಗೆರೆಗೆ ಒತ್ತುತ್ತಾರೆ. ಇಲ್ಲೂ ಹಾಗೆಯೇ. ಒಳಗಿನಿಂದ ಹೊರಕ್ಕೆ ಅಟ್ಟಿ, ಅವನ ಒಳಗಿನ ಸೊಂಟದ ಮೇಲೆ ಕಣ್ಣಿಡಿ. ಅಂಚಿನ ಗೆರೆ ನಿಮ್ಮ ಹನ್ನೆರಡನೇ ಆಟಗಾರ, ದಣಿವೆಂಬುದೇ ಅದಕ್ಕಿಲ್ಲ.

ಕ್ವಾರ್ಟರ್‌ಬ್ಯಾಕ್ ಕಾಲು ಮುಂದೆ ಮಾಡಿ ಜಾರಿದರೆ ಆಟ ಅಲ್ಲಿಗೆ ಮುಗಿಯಿತು. ಆಮೇಲೆ ಹೊಡೆದರೆ 15 ಗಜ ದಂಡ. ತಲೆಗೆ ತಗುಲಿ ‘ಟಾರ್ಗೆಟಿಂಗ್’ ಎಂದು ತೀರ್ಪಾದರೆ 2013ರಿಂದ ಆಟಗಾರನನ್ನೇ ಹೊರಗೆ ಕಳಿಸುತ್ತಾರೆ. 2021ರ ಡಿಸೆಂಬರ್ 4ರಂದು ಪಿಟ್ಸ್‌ಬರ್ಗ್‌ನ ಕೆನ್ನಿ ಪಿಕೆಟ್ ವೇಕ್ ಫಾರೆಸ್ಟ್ ವಿರುದ್ಧ ಜಾರುವಂತೆ ನಟಿಸಿ, ಎದುರಿನವರು ನಿಂತುಬಿಟ್ಟಾಗ ಮುಂದೆ ಓಡಿ 58 ಗಜದ ಟಚ್‌ಡೌನ್ ಗಳಿಸಿದರು. ಕೆಲವೇ ದಿನಗಳಲ್ಲಿ ನಿಯಮ ಸ್ಪಷ್ಟವಾಯಿತು: ಜಾರುವ ನಟನೆ ಮಾಡಿದಲ್ಲಿಗೇ ಆಟ ಮುಗಿದಂತೆ. ಹುಡುಗರಿಗೆ ಈ ನಿಯಮ ತಿಳಿಸಿ, ಜೊತೆಗೆ ಸೀಟಿ ಬರುವವರೆಗೆ ಅವನ ಮೇಲೆ ಕೈಯಿಡುವಷ್ಟು ಹತ್ತಿರ ನಿಲ್ಲಲೂ ಹೇಳಿ.

8. ವಾರದ ಅಭ್ಯಾಸ

ಸಮಯ ಕಡಿಮೆ. ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎಯ ನಿಯಮದ ಪ್ರಕಾರ ಋತುವಿನಲ್ಲಿ ವಾರಕ್ಕೆ 20 ಗಂಟೆ, ದಿನಕ್ಕೆ ನಾಲ್ಕು ಗಂಟೆ ಮಾತ್ರ, ವಾರದಲ್ಲಿ ಒಂದು ದಿನ ರಜೆ ಕಡ್ಡಾಯ. ಅಭ್ಯಾಸದಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ವೇಷಕ್ಕೆ ನಿಮ್ಮ ಮೀಸಲು ಕ್ವಾರ್ಟರ್‌ಬ್ಯಾಕ್‌ನನ್ನು ಹಾಕಬೇಡಿ, ಅವನು ಆ ವೇಗದಲ್ಲಿ ಓಡುವುದಿಲ್ಲ. ಚುರುಕಾದ ಒಬ್ಬ ರಿಸೀವರ್‌ಗೆ ಆ ವೇಷ ಹಾಕಿ; ಅವನ ಪಾಸ್ ಸೊಟ್ಟಗಾದರೂ ಚಿಂತೆಯಿಲ್ಲ.

ಒಂದು ಹಳೆಯ ಉಪಾಯ ನನಗೆ ಇಷ್ಟ: ಹದಿನೈದು ನಿಮಿಷ ಚೆಂಡೇ ಇಲ್ಲದೆ ಜೋನ್ ರೀಡ್ ಆಡಿಸಿ. ಚೆಂಡು ಯಾರ ಬಳಿ ಇದೆಯೆಂದು ನೋಡಲು ಏನೂ ಇರುವುದಿಲ್ಲ. ರನ್ನಿಂಗ್ ಬ್ಯಾಕ್ ಪಾಲಿನವನು ರನ್ನಿಂಗ್ ಬ್ಯಾಕ್‌ನನ್ನೇ, ಕ್ವಾರ್ಟರ್‌ಬ್ಯಾಕ್ ಪಾಲಿನವನು ಕ್ವಾರ್ಟರ್‌ಬ್ಯಾಕ್‌ನನ್ನೇ ಹಿಡಿಯಬೇಕು. ಮೊದಲ ದಿನ ಎಲ್ಲರೂ ಒಬ್ಬನ ಹಿಂದೆಯೇ ಓಡುತ್ತಾರೆ, ನಗಬೇಡಿ.

9. ಪಂದ್ಯದ ದಿನ

2024ರಿಂದ ದೊಡ್ಡ ಕಾಲೇಜು ತಂಡಗಳಲ್ಲಿ ಮೈದಾನದಲ್ಲಿರುವ ಒಬ್ಬ ರಕ್ಷಣಾ ಆಟಗಾರನ ಹೆಲ್ಮೆಟ್‌ನಲ್ಲಿ ರೇಡಿಯೊ ಇರಬಹುದು. ಅದನ್ನು ನಂಬಿ ಕೈಸನ್ನೆಗಳನ್ನು ಮರೆಯಬೇಡಿ: ಸ್ನ್ಯಾಪ್‌ಗೆ ಉಳಿದ ಸಮಯ ತೋರಿಸುವ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಅಥವಾ ಅದಕ್ಕೂ ಮೊದಲೇ ಸ್ನ್ಯಾಪ್ ಆದಾಗ ಅದು ಬಂದ್ ಆಗುತ್ತದೆ. ಆಕ್ರಮಣ ತಂಡ ಆಟಗಾರರನ್ನು ಬದಲಿಸಿದರೆ ನಿಮಗೂ ಬದಲಿಸಲು ಅಂಪೈರ್ ಸಮಯ ಕೊಡುತ್ತಾರೆ, ಬದಲಿಸದೆ ಅವಸರದಿಂದ ಆಡಿದರೆ ಇಲ್ಲ. ಹಾಗಾಗಿ ಮೈದಾನದಲ್ಲಿರುವ ಹನ್ನೊಂದು ಜನರಿಗೇ ಮೇಲಿನದೆಲ್ಲ ಗೊತ್ತಿರಬೇಕು.

ಅವನು ಎಲ್ಲೋ ಒಮ್ಮೆ ಮೂವತ್ತು ಗಜ ಓಡುತ್ತಾನೆ. ಗಾಬರಿಯಾಗಿ ಯೋಜನೆ ಬದಲಿಸಬೇಡಿ. ಯಾರ ಬಾಗಿಲು ತೆರೆದಿತ್ತೆಂದು ಮೊದಲು ನೋಡಿ. ನಾಲ್ಕನೇ ಕ್ವಾರ್ಟರ್‌ನಲ್ಲಿ ಎಂಡ್‌ಗಳನ್ನು ಸರದಿಯಲ್ಲಿ ಕೂರಿಸಿ, ದಣಿದ ಎಂಡ್ ಮೊದಲು ಕಳೆದುಕೊಳ್ಳುವುದು ಆ ಏಡಿ ನಡಿಗೆಯನ್ನೇ.

ಕೊನೆಯ ನಿಮಿಷಗಳಿಗೆಂದು ಒಂದು ಕರೆಯನ್ನು ಪಂದ್ಯವಿಡೀ ಬಳಸದೆ ಬಚ್ಚಿಟ್ಟುಕೊಳ್ಳಿ, ಟಚ್‌ಡೌನ್ ಆದ ಮೇಲೆ ಮಾಡಬಹುದಾದ ಎರಡು ಅಂಕದ ಹೆಚ್ಚುವರಿ ಯತ್ನಕ್ಕೆ ಇನ್ನೊಂದನ್ನು. 2006ರ ಜನವರಿ 4ರಂದು ನಡೆದ, ಆ ಋತುವಿನ ರಾಷ್ಟ್ರೀಯ ಚಾಂಪಿಯನ್‌ಶಿಪ್ ಪಂದ್ಯವಾದ ರೋಸ್ ಬೌಲ್‌ನಲ್ಲಿ 34 ಪಂದ್ಯಗಳಿಂದ ಸೋಲು ಕಾಣದ ದಕ್ಷಿಣ ಕ್ಯಾಲಿಫೋರ್ನಿಯಾ ತಂಡ 38-33ರಿಂದ ಮುಂದಿತ್ತು. ಟೆಕ್ಸಸ್‌ಗೆ ನಾಲ್ಕನೇ ಡೌನ್, ಐದು ಗಜ ಬಾಕಿ, ಎಂಡ್ ಜೋನ್ ಎಂಟು ಗಜ ದೂರ. ವಿನ್ಸ್ ಯಂಗ್ ಪಾಸ್‌ಗೆ ಹಿಂದೆ ಸರಿದರು, ಯಾರೂ ಖಾಲಿ ಸಿಗಲಿಲ್ಲ, ಬಲಗಡೆಯ ಬಾಗಿಲು ತೆರೆದಿತ್ತು. ಮೂಲೆಯ ಕಂಬದ ಕಡೆಗೆ ಓಡಿ ಒಳಗೆ ಹೋದಾಗ ಗಡಿಯಾರದಲ್ಲಿ 19 ಸೆಕೆಂಡ್ ಉಳಿದಿತ್ತು. ಆ ಪಂದ್ಯದಲ್ಲಿ ಅವರು ಓಡಿದ್ದು 200 ಗಜ. ಆಮೇಲೆ ಎರಡು ಅಂಕದ ಯತ್ನಕ್ಕೆ ತಂಡಗಳು ಮತ್ತೆ ಸಾಲುಗಟ್ಟಿದವು. ಅದರಲ್ಲೂ ಚೆಂಡು ಹಿಡಿದು ಒಳಗೆ ಓಡಿದವರು ಯಂಗ್ ಅವರೇ.